ಸಿಂಗಪುರಕ್ಕೆ ಹೊರಟವರ ಚೀಲ ಮತ್ತು ಅತ್ತಿಗೆಯ ಪಟ್ಟಿ

ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನೂ ಅದರ ಕೆಳಗೆ ಅತ್ತಿಗೆ ಸೇರಿಸಿದ ಪಟ್ಟಿಯನ್ನೂ ಬೆಳಗಿನ ಕಾಫಿಯ ಹೊತ್ತಿಗೆ ನೋಡಿದೆ. ಮುಂದಿನ ತಿಂಗಳು ಐದು ರಾತ್ರಿಗಳ ಮಟ್ಟಿಗೆ ನೀನು, ಅಳಿಯಂದಿರು, ಮಗು, ಅಣ್ಣ, ಅತ್ತಿಗೆ ಐವರೂ ಸಿಂಗಪುರಕ್ಕೆ ಹೊರಟಿದ್ದೀರಿ, ಏನೇನು ಕಟ್ಟಿಕೊಳ್ಳಬೇಕು ಎಂಬುದು ನಿನ್ನ ಪ್ರಶ್ನೆ. ಅತ್ತಿಗೆಯ ಪಟ್ಟಿಯಲ್ಲಿ ಮಿಡಿ ಉಪ್ಪಿನಕಾಯಿಯಿಂದ ಹಿಡಿದು ಗಸಗಸೆಯವರೆಗೆ ಹದಿನೇಳು ಪದಾರ್ಥಗಳಿವೆ. ಬಟ್ಟೆಯ ಪ್ರಸ್ತಾಪ ಎಲ್ಲಿಯೂ ಇಲ್ಲ. ಟೈಪ್ ಮಾಡಲು ಕಣ್ಣು ಒಪ್ಪದ ಕಾರಣ ಮಾತಿನಲ್ಲೇ ಹೇಳುತ್ತಿದ್ದೇನೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನಾಲಿಗೆ ಪುಸ್ತಕದ ಭಾಷೆಯಿಂದ ಕೆಳಗೆ ಇಳಿಯುವುದಿಲ್ಲ, ನಗುವವರು ನಗಬಹುದು.

ನನ್ನ ಅನುಭವವನ್ನು ಮೊದಲು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಾನೂ ನಿನ್ನ ಚಿಕ್ಕಮ್ಮನೂ ಅದೇ ಊರಿಗೆ ನಾಲ್ಕು ದಿನಕ್ಕೆ ಹೋದಾಗ, ತಲೆಗೊಂದರಂತೆ ಎರಡು ದೊಡ್ಡ ಸೂಟ್‌ಕೇಸ್ ತುಂಬಿಕೊಂಡು ಹೋಗಿದ್ದೆವು. ಶಿವಮೊಗ್ಗದ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗಲೇ ನನ್ನ ಸೊಂಟ ಹಿಡಿದುಕೊಂಡಿತು. ಅಲ್ಲಿ ಇಳಿದು ಚೀಲ ತೆರೆದರೆ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಉಪ್ಪಿನಕಾಯಿ ಭರಣಿಯ ರಸ ಸೋರಿ ಚಿಕ್ಕಮ್ಮನ ರೇಷ್ಮೆ ಸೀರೆಯ ಸೆರಗಿನವರೆಗೆ ಹೋಗಿತ್ತು. ಹಲಸಿನ ಹಪ್ಪಳವನ್ನು ಅಲ್ಲಿ ಕರಿಯುವವರು ಯಾರು ಎಂದು ಇಲ್ಲಿ ಯಾರೂ ಯೋಚಿಸಿರಲಿಲ್ಲವಾದ್ದರಿಂದ ಅದು ಕಟ್ಟು ಬಿಚ್ಚದೆ ಹೋದ ಹಾಗೆಯೇ ಹಿಂದಿರುಗಿತು. ನನ್ನ ಅಂಗಿಗಳಲ್ಲಿ ಅರ್ಧಕ್ಕರ್ಧ ಇಸ್ತ್ರಿ ಮಡಿಕೆ ಮುರಿಯದೆ ಬಂದವು. ಆದ್ದರಿಂದ ನಾನು ಹೇಳುವುದು ಒಂದೇ ಮಾತು: ಐದು ದಿನದ ಪ್ರವಾಸಕ್ಕೆ, ನಿಮ್ಮ ನಿಮ್ಮ ಚೀಲವನ್ನು ನೀವೇ ಎತ್ತಿ ರೈಲಿಗೆ ಹಾಕುವಷ್ಟು ಮಾತ್ರ ಕಟ್ಟಿಕೊಳ್ಳಿ.

ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆಯ ಪ್ರಕಾರ ಬೇರೆ ಮಾಡುತ್ತಾರಲ್ಲ, ಮಂಚದ ಮೇಲೆ ಹರಡಿದ ಸಾಮಾನನ್ನೂ ಹಾಗೆಯೇ ಬೇರೆ ಮಾಡಬೇಕು. ಸಿಂಗಪುರದಲ್ಲಿ ದುಡ್ಡು ಕೊಟ್ಟರೂ ಸಿಗದ ವಸ್ತು ಸರಕು, ಅಂದರೆ ಮೊದಲ ದರ್ಜೆಯದು. ಅಂಥವು ಮೂರೇ: ಕಾಗದಪತ್ರ, ಔಷಧಿ, ಕನ್ನಡಕ. ಈ ಮೂರು ಯಾವ ಕಾರಣಕ್ಕೂ ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಚೀಲಕ್ಕೆ ಹೋಗಬಾರದು, ಹೆಗಲಿನಲ್ಲಿಯೇ ಇರಬೇಕು.

ಪಾಸ್‌ಪೋರ್ಟಿಗೆ ಅಲ್ಲಿ ಇಳಿಯುವ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿರುತ್ತದೆಯೇ ಎಂದು ಐವರದನ್ನೂ ಇಂದೇ ತೆಗೆದು ನೋಡು. ವಿಶೇಷವಾಗಿ ಮಗುವಿನದನ್ನು, ಏಕೆಂದರೆ ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದೇ ವರ್ಷ. ವೀಸಾದ ಮುದ್ರಿತ ಪ್ರತಿ, ಹೋಟೆಲಿನ ವಿಳಾಸ, ವಿಮೆಯ ಕಾಗದ ಇವನ್ನು ಫೋನಿನಲ್ಲಷ್ಟೇ ಇಟ್ಟುಕೊಳ್ಳದೆ ಕಾಗದದಲ್ಲಿಯೂ ಇಟ್ಟುಕೊಳ್ಳಿ. ಇದಲ್ಲದೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆಗಮನದ ವಿವರಪತ್ರವೊಂದನ್ನು, ಅಲ್ಲಿ ಇಳಿಯುವ ಮೊದಲೇ, ಇಳಿಯುವ ದಿನವೂ ಸೇರಿದಂತೆ ಮೂರು ದಿನದೊಳಗೆ, ಆನ್‌ಲೈನಿನಲ್ಲಿ ತುಂಬಬೇಕು. ಅದು ವೀಸಾ ಅಲ್ಲ, ಅದಕ್ಕೆ ಶುಲ್ಕವೂ ಇಲ್ಲ. ಹಣ ಕೇಳುವ ನಕಲಿ ಜಾಲತಾಣಗಳಿವೆ, ಆದ್ದರಿಂದ ಅಲ್ಲಿನ ವಲಸೆ ಇಲಾಖೆಯಾದ ಐಸಿಎಯ ಜಾಲತಾಣದಲ್ಲಿಯೇ ತುಂಬು.

ಔಷಧಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಅಣ್ಣನ ಇನ್ಸುಲಿನ್ ಕೈಚೀಲದಲ್ಲಿಯೇ ಬರಬೇಕು, ಏಕೆಂದರೆ ವಿಮಾನದ ಹೊಟ್ಟೆಯಲ್ಲಿ ಅದು ಹೆಪ್ಪುಗಟ್ಟಿದರೆ ಮತ್ತೆ ಬಳಸುವಂತಿಲ್ಲ. ಜೊತೆಗೆ ವೈದ್ಯರ ಚೀಟಿ ಇರಲಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿಕೊಂಡೇ ಹೊರಡಿ. ಮಾತ್ರೆಗಳನ್ನು ಹಳೆಯ ಫಿಲ್ಮ್ ಡಬ್ಬಿಗೆ ಸುರಿದುಕೊಳ್ಳುವ ಅತ್ತಿಗೆಯ ಅಭ್ಯಾಸ ಇಲ್ಲಿಗೆ ಸರಿ, ಅಲ್ಲಿಗೆ ಸಲ್ಲದು. ಹೆಸರು ಕಾಣುವಂತೆ ಅಂಗಡಿಯವರು ಕೊಟ್ಟ ಸ್ಟ್ರಿಪ್ಪಿನ ಸಮೇತ ಒಯ್ಯಬೇಕು, ಹಿಂದಿರುಗುವುದು ತಡವಾದರೆ ಎಂದು ಮೂರು ದಿನದ್ದು ಹೆಚ್ಚಿಗೆ ಇರಬೇಕು. ನಿದ್ದೆ ಬಾರದಾಗ ಅತ್ತಿಗೆ ತೆಗೆದುಕೊಳ್ಳುವ ಮಾತ್ರೆ ಆಲ್‌ಪ್ರಜೋಲಮ್ ಬಗೆಯದಾಗಿದ್ದರೆ, ಅಥವಾ ಮನೆಯ ಕೆಮ್ಮಿನ ಸಿರಪ್ಪಿನಲ್ಲಿ ಕೋಡೀನ್ ಇದ್ದರೆ, ಸಿಂಗಪುರದ ಆರೋಗ್ಯ ವಿಜ್ಞಾನ ಪ್ರಾಧಿಕಾರದಿಂದ ಮುಂಚಿತವಾಗಿ ಅನುಮತಿ ಪಡೆಯದೆ ಅವನ್ನು ಒಯ್ಯುವಂತಿಲ್ಲ. ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನು ನೀನೇ ಓದು. ಅತ್ತಿಗೆಯನ್ನು ಕೇಳಿದರೆ “ಅದೊಂದು ಬಿಳಿ ಗುಳಿಗೆ” ಎನ್ನುತ್ತಾರೆ.

ಈಗ ತಿಂಡಿಯ ಪಟ್ಟಿ. ಅತ್ತಿಗೆ, ಬೇಸರಿಸಬೇಡಿ. ಅಣ್ಣನ ಸ್ನೇಹಿತರ ಮಗಳು ಅಲ್ಲಿ ಬಾಣಂತಿ, ಅವಳಿಗೆ ಗಸಗಸೆ ಪಾಯಸ ಮಾಡಿ ಕೊಡಬೇಕೆಂಬ ನಿಮ್ಮ ಮನಸ್ಸು ದೊಡ್ಡದು. ಆದರೆ ಸಿಂಗಪುರದಲ್ಲಿ ಗಸಗಸೆ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜವಾದ್ದರಿಂದ ಅದರಲ್ಲಿ ಮಾರ್ಫಿನ್ ಅಂಶ ಇರಬಹುದೆಂದು ಅವರು ಅದನ್ನು ಮಾದಕವಸ್ತು ಕಾನೂನಿನ ಅಡಿಗೆ ತಂದಿದ್ದಾರೆ, ಮತ್ತು ಆ ದೇಶ ಮಾದಕವಸ್ತುವಿನ ವಿಷಯದಲ್ಲಿ ಮರಣದಂಡನೆಯವರೆಗೆ ಹೋಗುವ ದೇಶ. ಒಂದು ಪಾವು ಗಸಗಸೆಗೆ ಅಷ್ಟು ದೂರ ಹೋಗುತ್ತಾರೆಂದು ನಾನು ಹೇಳುತ್ತಿಲ್ಲ, ಆದರೆ ಚಾಂಗಿ ವಿಮಾನ ನಿಲ್ದಾಣದಲ್ಲಿ ನಿಂತು ಪಾಯಸದ ಪಾಕವನ್ನು ಇಂಗ್ಲಿಷಿನಲ್ಲಿ ವಿವರಿಸುವ ಕಷ್ಟ ನಿಮಗೆ ಏಕೆ? ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕಿದ್ದರೆ ಅದನ್ನೂ ಬಿಡಿ. ಒಣಕೊಬ್ಬರಿಯದು ಬೇರೆ ಕಥೆ: ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನದವರು ಅದನ್ನು ಲಗೇಜಿನಲ್ಲಿ ಬಿಡುವುದಿಲ್ಲ. ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ತೆಪ್ಪಗೆ ಬಿದ್ದಿರುವ ಕೊಬ್ಬರಿಗೆ ಇಂಥ ಅಪವಾದ ಬರುತ್ತದೆಂದು ಅಜ್ಜಿ ಕೇಳಿದ್ದರೆ ನಂಬುತ್ತಿರಲಿಲ್ಲ.

ಉಪ್ಪಿನಕಾಯಿ ಬೇಕೇ ಬೇಕು ಎನ್ನುವುದಾದರೆ ಭರಣಿ ಬೇಡ, ಬಿಸಿ ಮಾಡಿ ಬಾಯಿ ಅಂಟಿಸಿದ ಸಣ್ಣ ಪೊಟ್ಟಣ ಸಾಕು, ಅದೂ ದೊಡ್ಡ ಚೀಲದ ನಡುವೆ, ಸ್ಟೀಲ್ ಡಬ್ಬಿಯ ಒಳಗೆ. ಚಕ್ಕುಲಿ, ಅವಲಕ್ಕಿ ಪುರಿ ತಕರಾರಿಲ್ಲದೆ ಹೋಗುತ್ತವೆ, ಒಂದೊಂದು ಪೊಟ್ಟಣ ಇರಲಿ. ಆದರೆ ಅಲ್ಲಿನ ಮೆಟ್ರೊ ರೈಲಿನಲ್ಲಿ ತಿನ್ನುವುದೂ ಕುಡಿಯುವುದೂ ನಿಷಿದ್ಧ, 500 ಸಿಂಗಪುರ ಡಾಲರಿನವರೆಗೆ ದಂಡವಿದೆ ಎಂಬುದನ್ನು ಮಗುವಿಗೆ ಈಗಿನಿಂದಲೇ ಹೇಳಿಕೊಡು. ನಮ್ಮ ಹಲಸಿನ ದೂರದ ನೆಂಟನಂತೆ ಕಾಣುವ ದುರಿಯನ್ ಹಣ್ಣನ್ನಂತೂ ಆ ರೈಲಿಗೆ ಹತ್ತಿಸುವುದೇ ಇಲ್ಲ. ಹಲಸು ಹಣ್ಣಾದಾಗ ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಮುಖ ತಿರುಗಿಸುವುದು ನೆನಪಾಗುತ್ತದೆ. ಊಟದ ಚಿಂತೆ ನಿಮಗೆ ಬೇಡ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಳ ವಿಲಾಸದಲ್ಲಿ ಬಾಳೆಲೆಯ ಊಟ ಸಿಗುತ್ತದೆ, ಸುತ್ತಮುತ್ತ ಸಸ್ಯಾಹಾರದ ಬೇರೆ ಹೋಟೆಲುಗಳೂ ಇವೆ. ನಲ್ಲಿಯ ನೀರು ನೇರವಾಗಿ ಕುಡಿಯಲು ಯೋಗ್ಯ. ಒಬ್ಬೊಬ್ಬರಿಗೊಂದು ಖಾಲಿ ಸ್ಟೀಲ್ ಬಾಟಲಿ ಇಟ್ಟುಕೊಂಡು, ತಪಾಸಣೆ ದಾಟಿದ ಮೇಲೆ ತುಂಬಿಕೊಳ್ಳಿ.

ಅಣ್ಣ, ನಿಮ್ಮ ಎಲೆಯಡಿಕೆ ಚಂಚಿಯ ವಿಷಯವನ್ನು ಪುಟ್ಟಿ ಕೇಳಲು ಹೆದರಿದ್ದಾಳೆ, ನಾನು ಹೇಳುತ್ತೇನೆ. ಅದರೊಳಗಿನ ಹೊಗೆಸೊಪ್ಪಿಗೆ ಅಲ್ಲಿ ಪೂರ್ಣ ನಿಷೇಧವಿದೆ. ಜಗಿಯುವ ತಂಬಾಕನ್ನು ಒಂದು ಎಳೆಯಷ್ಟೂ ಒಳಗೆ ಬಿಡುವುದಿಲ್ಲ. ಅಡಕತ್ತರಿ ಕೈಚೀಲದಲ್ಲಿದ್ದರೆ ಬೆಂಗಳೂರಿನ ತಪಾಸಣೆಯಲ್ಲಿಯೇ ಹೋಗುತ್ತದೆ, ಅಪ್ಪಯ್ಯನ ಕಾಲದ್ದು, ಮನೆಯಲ್ಲೇ ಇರಲಿ. ರಸ್ತೆಯ ಮೇಲೆ ಉಗುಳಿದರೆ ದಂಡ ಕಟ್ಟಬೇಕು, ಅಲ್ಲಿ ಅದು ಬರೀ ಬೋರ್ಡಿನ ಮಾತಲ್ಲ. ವೀಳ್ಯದೆಲೆ ಬೇಕಾದರೆ ಅದೇ ಲಿಟಲ್ ಇಂಡಿಯಾದ ಹೂವಿನ ಅಂಗಡಿಗಳ ಸಾಲಿನಲ್ಲಿ ಸಿಗುತ್ತದೆ, ಊಟವಾದ ಮೇಲೆ ಒಂದು ಹಾಕಿಕೊಳ್ಳಬಹುದು, ಉಗುಳುವುದಕ್ಕೆ ಮಾತ್ರ ಕೋಣೆಯ ಬಚ್ಚಲಿಗೇ ಬರಬೇಕು. ಅಳಿಯಂದಿರ ಗಮನಕ್ಕೆ: 1992ರಿಂದ ಚ್ಯೂಯಿಂಗ್ ಗಮ್ ತರುವುದಕ್ಕೂ ಅಲ್ಲಿ ನಿಷೇಧವಿದೆ. ವಿಮಾನ ಏರುವಾಗ ಮಗುವಿನ ಕಿವಿ ಕಟ್ಟದಿರಲು ಪೆಪ್ಪರ್‌ಮಿಂಟ್ ಸಾಕು.

ಬಟ್ಟೆಗೆ ಬರುತ್ತೇನೆ. ಆ ಊರು ಭೂಮಧ್ಯರೇಖೆಯಿಂದ ಒಂದು ಡಿಗ್ರಿಗಿಂತ ಸ್ವಲ್ಪ ಮೇಲಿದೆ, ಹಾಗಾಗಿ ವರ್ಷವಿಡೀ ಹಗಲು 30 ಡಿಗ್ರಿಯ ಮೇಲೆಯೇ ಸೆಕೆ, ಬೇಕೆಂದಾಗ ಮಳೆ. ಆಗುಂಬೆಯ ಕೆಳಗಿನವರಾದ ನಿಮಗೆ ಮಳೆಯ ಪಾಠ ಬೇಕಿಲ್ಲ, ಆದರೆ ನಮ್ಮ ಮಳೆಗೆ ಚಳಿ ಜೊತೆಗಿರುತ್ತದೆ, ಅಲ್ಲಿಯದಕ್ಕೆ ಬೆವರು. ಜೀನ್ಸ್ ಬೇಡ, ಆಷಾಢದಲ್ಲಿ ಒಲೆಯ ಮೇಲಿನ ಹಗ್ಗದಲ್ಲಿ ಒಣಹಾಕಿದರೂ ಒಣಗದ ಬಟ್ಟೆ ಹೋಟೆಲಿನ ಬಚ್ಚಲಿನಲ್ಲಿ ಒಣಗೀತೇ? ಒಬ್ಬೊಬ್ಬರಿಗೆ ತೆಳುವಾದ ಮೂರು ಜೊತೆ, ರಾತ್ರಿ ಹಿಂಡಿ ಹಾಕಿದರೆ ಬೆಳಗ್ಗೆ ಒಣಗುವಂಥವು, ಸಾಕು. ಅಂಗಡಿ, ರೈಲು, ಸಿನಿಮಾ ಮಂದಿರಗಳ ಒಳಗೆ ಎ.ಸಿ. ತಣ್ಣಗೆ ಕೊರೆಯುವುದರಿಂದ ಅತ್ತಿಗೆಗೊಂದು ಶಾಲು ಇರಲಿ. ಸೌತ್ ಬ್ರಿಜ್ ರಸ್ತೆಯಲ್ಲಿ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ದೇವಸ್ಥಾನವಿದೆ, ಅದಕ್ಕೆಂದು ಅಣ್ಣನಿಗೆ ಒಂದು ಪಂಚೆ, ಅತ್ತಿಗೆಗೆ ಹಗುರವಾದ ಒಂದು ಸೀರೆ. ಮಾಂಗಲ್ಯ ಬಿಟ್ಟು ಉಳಿದ ಒಡವೆ ಬೇಡ. ಬಳೆಗಳನ್ನು ಹಾಕಿಕೊಂಡು ಹೋದರೆ ವಾಪಸು ಬರುವಾಗ ಅಲ್ಲಿ ಕೊಂಡದ್ದೇ ಎಂದು ಕಸ್ಟಮ್ಸ್‌ನವರು ಕೇಳಬಹುದು, ಕೇಳಬಾರದೆಂದರೆ ಹೊರಡುವ ಮೊದಲೇ ಅವರಿಂದ ಸರ್ಟಿಫಿಕೇಟ್ ಮಾಡಿಸಬೇಕು. ಪ್ರವಾಸಕ್ಕೆಂದು ಹೊಸ ಬೂಟು ಕೊಳ್ಳುವುದು ನಮ್ಮ ಮನೆತನದ ಹಳೆಯ ತಪ್ಪು. ಕಾಲಿಗೆ ಒಗ್ಗಿದ ಹಳೆಯ ಚಪ್ಪಲಿಯನ್ನೇ ಹಾಕಿಕೊಳ್ಳಿ, ಅಲ್ಲಿ ದಿನವಿಡೀ ನಡೆಯುವುದಿದೆ. ಐವರ ಬಟ್ಟೆಯನ್ನು ಎರಡು ಚೀಲಗಳಲ್ಲಿ ಬೆರೆಸಿ ಹಾಕಿದರೆ, ಒಂದು ಚೀಲ ಬರುವುದು ತಡವಾದರೂ ಯಾರೂ ಉಟ್ಟ ಬಟ್ಟೆಯಲ್ಲಿ ಕೂರಬೇಕಾಗುವುದಿಲ್ಲ.

ಕೈಚೀಲದ ದ್ರವ ಪದಾರ್ಥದ ನಿಯಮ ನಿನಗೆ ಗೊತ್ತಿರಬಹುದು, ಆದರೂ ಅತ್ತಿಗೆಗಾಗಿ ಹೇಳುತ್ತೇನೆ: ಬಾಟಲಿಯ ಗಾತ್ರವೇ 100 ಮಿಲಿಲೀಟರ್ ಮೀರಬಾರದು. ದೊಡ್ಡ ಬಾಟಲಿಯಲ್ಲಿ ತಳದಷ್ಟೇ ಕೊಬ್ಬರಿ ಎಣ್ಣೆ ಉಳಿದಿದೆ ಎಂಬ ವಾದ ನಡೆಯುವುದಿಲ್ಲ. ಪವರ್ ಬ್ಯಾಂಕಿನದು ಇದಕ್ಕೆ ತಿರುಗುಮುರುಗು, ಅದು ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಚೀಲಕ್ಕೆ ಹಾಕುವಂತಿಲ್ಲ. ನಾನು ಹಾಕಿ, ಹತ್ತುವ ಹೊತ್ತಿಗೆ ಮೈಕಿನಲ್ಲಿ ಹೆಸರು ಕೂಗಿಸಿಕೊಂಡು, ಎಲ್ಲರೆದುರು ಚೀಲ ಬಿಚ್ಚಬೇಕಾಯಿತು, ಮೇಲೆಯೇ ಚಿಕ್ಕಮ್ಮನ ಲಂಗಗಳಿದ್ದವು. ಪವರ್ ಬ್ಯಾಂಕ್ ಹಿಡಿದಿಡುವ ವಿದ್ಯುತ್ತಿಗೆ ಸಾಮಾನ್ಯ ಮಿತಿ 100 ವಾಟ್-ಅವರ್. 20,000 ಎಂಎಎಚ್‌ನದು ಸುಮಾರು 74 ವಾಟ್-ಅವರ್ ಆಗುವುದರಿಂದ ತೊಂದರೆಯಿಲ್ಲ. ಅಲ್ಲಿನ ಪ್ಲಗ್ಗಿನ ತೂತುಗಳು ಚಪ್ಪಟೆಯ ಮೂರು ಕಡ್ಡಿಯವು, ನಮ್ಮ ದುಂಡು ಕಡ್ಡಿ ಹೋಗುವುದಿಲ್ಲ. ವೋಲ್ಟೇಜ್ ಮಾತ್ರ ನಮ್ಮದೇ 230. ಐದು ಅಡಾಪ್ಟರ್ ಕೊಳ್ಳುವ ಬದಲು ಒಂದು ಅಡಾಪ್ಟರ್, ಅದಕ್ಕೆ ಮನೆಯ ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸಿದರೆ ಎಲ್ಲರ ಫೋನೂ ಒಟ್ಟಿಗೆ ಚಾರ್ಜ್ ಆಗುತ್ತದೆ.

ತೂಕವನ್ನು ಟಿಕೆಟಿನಲ್ಲಿ ಬರೆದಿರುವಂತೆಯೇ ನೋಡಿಕೋ. ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ, ದೊಡ್ಡದಕ್ಕೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ. ತೂಗುವುದಕ್ಕೆ ಹೊಸ ಯಂತ್ರ ಬೇಡ, ಕೊಟ್ಟಿಗೆಯಲ್ಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆಯಲ್ಲ, ಅದರ ಕೊಕ್ಕೆಗೇ ಸೂಟ್‌ಕೇಸ್ ನೇತುಹಾಕಿ. ಭಾನುವಾರ ನಾನೂ ಚಿಕ್ಕಮ್ಮನೂ ಬರುತ್ತೇವೆ, ಚೀಲಗಳನ್ನು ನಮ್ಮೆದುರಿನಲ್ಲೇ ಕಟ್ಟಿದರೆ ಒಳ್ಳೆಯದು. ಅತ್ತಿಗೆ, ಪಟ್ಟಿಯಿಂದ ಹೊರಗೆ ಹಾಕಿದ ಹಲಸಿನ ಹಪ್ಪಳವನ್ನು ಅಟ್ಟಕ್ಕೆ ಏರಿಸಬೇಡಿ, ಅಂದು ಸಂಜೆಯೇ ಕರಿಯೋಣ, ಗಸಗಸೆಗೂ ಹಾಲು ತಂದಿಟ್ಟಿರಿ.