ಹೈಡ್ರೋಜನ್ ಕಾರಿನ ಟ್ಯಾಂಕಿಗೆ ಸ್ಪಂಜ್ ತುಂಬಿದ್ರೆ ಆಗಲ್ವಾ?

ಗ್ಯಾಸ್‌ಕಿಟ್_ರಾಜ:
ಒಂದು ಡೌಟು. 2025ರ ಕೆಮಿಸ್ಟ್ರಿ ನೊಬೆಲ್ ಎಂಒಎಫ್‌ಗೆ (ಲೋಹ, ಇಂಗಾಲದ ಅಣು ಸೇರಿಸಿ ಕಟ್ಟಿದ, ಸ್ಪಂಜ್ ಥರ ತೂತು ತೂತಾದ ಹರಳು) ಬಂತಲ್ಲ, ಕಿತಗಾವಾ, ರಾಬ್ಸನ್, ಯಾಘಿ ಮೂವರಿಗೆ, ಅದನ್ನ ಓದ್ತಾ ಇದ್ದೆ, ಒಂದೇ ಗ್ರಾಂ ಪುಡಿ ಒಳಗೆ ಫುಟ್ಬಾಲ್ ಮೈದಾನದಷ್ಟು ಮೇಲ್ಮೈ ಇರುತ್ತಂತೆ. ಹಂಗಿದ್ಮೇಲೆ ಟೊಯೊಟಾದ ಹೈಡ್ರೋಜನ್ ಕಾರು ಮಿರಾಯ್‌ನಲ್ಲಿ ಇನ್ನೂ ಯಾಕೆ 700 ಬಾರ್ ಪ್ರೆಶರ್ ಹಾಕಿ 5.6 ಕೆಜಿ ಹೈಡ್ರೋಜನ್ ತುರುಕ್ತಾರೆ? ಮತ್ತೆ ಖಾಲಿ ಟ್ಯಾಂಕಿಗೆ ಪುಡಿ ಸುರಿದ್ರೆ ಗ್ಯಾಸ್‌ಗೆ ಜಾಗ ಕಮ್ಮಿ ಆಗ್ಬೇಕಲ್ವಾ?

ಲ್ಯಾಬ್‌ಇಲಿ:
ಎರಡನೇದಕ್ಕೆ ಮೊದಲು ಹೇಳ್ತೀನಿ. ಖಾಲಿ ಟ್ಯಾಂಕಲ್ಲಿ ಅಣುಗಳು ಸುಮ್ನೆ ಹಾರಾಡ್ಕೊಂಡಿರ್ತವೆ, ರಂಧ್ರದ ಗೋಡೆ ಸಿಕ್ರೆ ಅದಕ್ಕೆ ಅಂಟ್ಕೊಂಡು ಒತ್ತೊತ್ತಾಗಿ ಕೂರ್ತವೆ, ಬಸ್ಸಲ್ಲಿ ಸೀಟು ತೆಗೆದು ಎಲ್ಲಾ ಕಡೆ ಕಂಬ ನೆಟ್ಟಂಗೆ. ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯವರ ಎನ್‌ಯು-1501 ಅನ್ನೋ ಎಂಒಎಫ್ 100 ಬಾರ್‌ನಲ್ಲೇ ಲೀಟರ್‌ಗೆ 46 ಗ್ರಾಂ ಹೈಡ್ರೋಜನ್ ಕೊಡುತ್ತೆ, 700 ಬಾರ್ ಗ್ಯಾಸ್ ಬರೀ 40.

ಹಳೇಸೈಕಲ್:
ಅರ್ಧ ಕತೆ ಹೇಳಿದ್ರಲ್ಲ ಇಲಿ ಅವ್ರೇ, ಆ 46 ಬರೋದು ಮೈನಸ್ 196 ಡಿಗ್ರಿಯಲ್ಲಿ ತುಂಬಿ ಆಮೇಲೆ ಬಿಸಿ ಮಾಡಿ ಹೊರಗೆ ತೆಗೆದ್ರೆ! ದ್ರವ ನೈಟ್ರೋಜನ್ ಚಳಿ ಅದು. ಹೈಡ್ರೋಜನ್‌ಗೆ ಗೋಡೆ ಮೇಲಿನ ಪ್ರೀತಿ ತೀರಾ ಕಮ್ಮಿ, ಮೋಲ್‌ಗೆ 5 ಕಿಲೋಜೂಲ್ ಆಸುಪಾಸು, ರೂಮ್ ಟೆಂಪರೇಚರ್‌ನಲ್ಲಿ ನಿಲ್ಬೇಕಂದ್ರೆ 15ರಿಂದ 25 ಬೇಕು. 25 ಡಿಗ್ರಿಯಲ್ಲಿ ಚೆನ್ನಾಗಿರೋ ಒಂದು ನಿಕಲ್ ಎಂಒಎಫ್ 100 ಬಾರ್‌ಗೆ ಕೊಡೋದು ಲೀಟರ್‌ಗೆ 11 ಗ್ರಾಂ, ಏನೂ ತುಂಬದ ಖಾಲಿ ಟ್ಯಾಂಕೇ 7 ಚಿಲ್ರೆ ಕೊಡುತ್ತೆ. 5.6 ಕೆಜಿಗೆ ಲೆಕ್ಕ ಹಾಕಿ, 500 ಲೀಟರ್, ಎರಡೂವರೆ ಡ್ರಮ್ಮು. ಡಿಕ್ಕಿ ಅಷ್ಟೇ ಅಲ್ಲ, ಹಿಂದಿನ ಸೀಟೂ ಹೋಯ್ತು.

ಲ್ಯಾಬ್‌ಇಲಿ:
ಒಪ್ದೆ 😄 ಅಂಟೋ ಶಕ್ತಿ ಜಾಸ್ತಿ ಮಾಡೋಕೆ ಹೋದ್ರೆ ಇನ್ನೊಂದು ತಲೆನೋವು, ಅಂಟುವಾಗ ಶಾಖ ಬರುತ್ತೆ. 5 ಕಿಲೋಜೂಲ್ ಅಂದ್ಕೊಂಡ್ರೂ 2800 ಮೋಲ್‌ಗೆ (ಅದೇ 5.6 ಕೆಜಿ) 14 ಮೆಗಾಜೂಲ್, ಅಷ್ಟು ಗ್ಯಾಸ್‌ನ ಬಂಕಲ್ಲಿ 5 ನಿಮಿಷದಲ್ಲಿ ತುಂಬ್ಬೇಕು ಅಂದ್ರೆ 2 ಕಿಲೋವ್ಯಾಟ್‌ನ ಗೀಸರ್ 23 ಒಟ್ಟಿಗೆ ಆನ್ ಮಾಡಿದಂಗೆ. ಆ ಬಿಸಿ ತೆಗಿದೇ ಹೋದ್ರೆ ಅಂಟಿದ್ದೂ ಬಿಟ್ಕೊಳುತ್ತೆ, ಪುಡಿಯಲ್ಲಿ ಶಾಖ ಬೇರೆ ಸರಿಯಾಗಿ ಹರಿಯಲ್ಲ.

ಗ್ಯಾಸ್‌ಕಿಟ್_ರಾಜ:
ಅಯ್ಯೋ. ಆ ಮೈನಸ್ 196ರ ಚಳಿ ಉಳಿಯೋ ಹಂಗೆ ಫ್ಲಾಸ್ಕ್ ಥರ ಟ್ಯಾಂಕ್ ಮಾಡಿದ್ರೆ?

ಹಳೇಸೈಕಲ್:
ಮಾಡ್ಬಹುದು, ಆದ್ರೆ ಕಾರು ವಾರಗಟ್ಲೆ ನಿಂತ್ರೆ ಶಾಖ ಒಳಗೆ ನುಗ್ಗಿ ಪ್ರೆಶರ್ ಏರಿ ಗ್ಯಾಸ್ ಹೊರಗೆ ಬಿಡ್ಲೇಬೇಕಾಗುತ್ತೆ. ದಿನಾ ಓಡೋ ಬಸ್ಸು ಲಾರಿಗಾದ್ರೆ ನೋಡ್ಬಹುದೇನೋ, ನಿಮ್ಮ ಭಾನುವಾರದ ಕಾರಿಗೆ ಬೇಡ.