20,000 ರೂಪಾಯಿಯೊಳಗೆ ಗೇಮಿಂಗ್ ಸ್ಟೀರಿಂಗ್: ಹೊಸದೋ, ಸೆಕೆಂಡ್ ಹ್ಯಾಂಡೋ?

ಪ್ರಶ್ನೆ: ದಾವಣಗೆರೆ ಲಾರಿ

ಎಲ್ಲರಿಗೂ ನಮಸ್ಕಾರ. ನಾನು ವಾರಕ್ಕೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಆಡುವವನಲ್ಲ. ರಾತ್ರಿ ಊಟವಾದ ಮೇಲೆ ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಒಂದು ಲೋಡು ಮುಟ್ಟಿಸಿ ಮಲಗುತ್ತೇನೆ. ಭಾನುವಾರ ಹನ್ನೊಂದು ವರ್ಷದ ಮಗನೊಡನೆ ಸರದಿಯ ಮೇಲೆ ಫೋರ್ಜಾ ಹೊರೈಜನ್ 5 ಆಡುತ್ತೇನೆ. ಅಸೆಟ್ಟೋ ಕೋರ್ಸಾ ಎಂಬ ಕಾರ್ ರೇಸಿನ ಆಟ ರಿಯಾಯಿತಿಯಲ್ಲಿ ಸಿಕ್ಕಿತೆಂದು ಕೊಂಡಿದ್ದೇನೆ, ಆದರೆ ಕೀಬೋರ್ಡಿನಲ್ಲಿ ಒಂದು ಸುತ್ತು ಕೂಡ ನೆಟ್ಟಗೆ ಮುಗಿಸಲು ಆಗಿಲ್ಲ. ಇವೆಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಆಡುತ್ತೇನೆ, ಕನ್ಸೋಲ್ ಇಲ್ಲ.

ಸ್ಟೀರಿಂಗ್ ಒಂದನ್ನು ಕೊಳ್ಳೋಣವೆಂದು ಮನೆಯಲ್ಲಿ 20,000 ರೂಪಾಯಿಯವರೆಗೆ ಒಪ್ಪಿಗೆ ಪಡೆದಿದ್ದೇನೆ. ಈಗ ನನ್ನ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, ಪಿಎಕ್ಸ್‌ಎನ್ ವಿ9 ಥರದ ಹೊಸ ಸೆಟ್: ಕ್ಲಚ್ ಸೇರಿ ಮೂರು ಪೆಡಲ್, ಗೇರ್ ಲಿವರ್, ವಾರಂಟಿ ಎಲ್ಲವೂ ಇವೆ, ಆದರೆ ಫೋರ್ಸ್ ಫೀಡ್‌ಬ್ಯಾಕ್ (ಒಳಗಿನ ಮೋಟಾರು ಆಟಕ್ಕೆ ತಕ್ಕಂತೆ ಸ್ಟೀರಿಂಗನ್ನು ಜಗ್ಗಿ ಕೈಗೆ ಬಲ ಮುಟ್ಟಿಸುವುದು) ಇಲ್ಲ. ಎರಡನೆಯದು, ಹರಿಹರದವರೊಬ್ಬರು ಮಾರುತ್ತಿರುವ, ಮೂರು ವರ್ಷ ಬಳಸಿದ ಲಾಜಿಟೆಕ್ ಜಿ29. ಅದಕ್ಕೆ ಗೇರ್ ಲಿವರ್ ಇಲ್ಲ, ವಾರಂಟಿಯೂ ಮುಗಿದಿದೆ, ಬೆಲೆ 16,000 ಹೇಳುತ್ತಿದ್ದಾರೆ. ನನ್ನಂತೆ ಹೊತ್ತು ಕಳೆಯಲು ಆಡುವವನಿಗೆ ಫೋರ್ಸ್ ಫೀಡ್‌ಬ್ಯಾಕ್ ನಿಜವಾಗಿಯೂ ಬೇಕೇ, ಅಥವಾ ಅದು ರೇಸಿನ ಹುಚ್ಚಿರುವವರ ಮಾತೇ? ಬಳಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಘಾಟಿ ತಿರುವು

ಬೇಕು ಎಂದೇ ಹೇಳುತ್ತೇನೆ. ಆದರೆ ಏಕೆ ಬೇಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಫೋರ್ಸ್ ಫೀಡ್‌ಬ್ಯಾಕ್ ಎಂದರೆ ಕೈಯಲ್ಲಿ ಗಡಗಡ ನಡುಗುವುದು ಎಂದು ಬಹಳ ಜನ ತಿಳಿದಿದ್ದಾರೆ. ನಡುಗುವುದು ವೈಬ್ರೇಶನ್. ಅದು ಅಗ್ಗದ ಸ್ಟೀರಿಂಗಿನಲ್ಲೂ ಇರುತ್ತದೆ, ಮೊಬೈಲಿನಲ್ಲೂ ಇರುತ್ತದೆ.

ಫೋರ್ಸ್ ಫೀಡ್‌ಬ್ಯಾಕ್ ಇಲ್ಲದ ಸ್ಟೀರಿಂಗನ್ನು ನಡುವಿಗೆ ತರುವುದು ಒಳಗಿರುವ ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿ. ಗಾಡಿ ನಿಂತಿದ್ದರೂ, ನೂರರ ವೇಗದಲ್ಲಿ ಓಡುತ್ತಿದ್ದರೂ, ಮಂಜಿನ ಮೇಲೆ ಜಾರುತ್ತಿದ್ದರೂ ಆ ಸ್ಪ್ರಿಂಗ್ ಎಳೆಯುವುದು ಒಂದೇ ರೀತಿ, ಏಕೆಂದರೆ ಪರದೆಯ ಮೇಲೆ ಏನು ನಡೆಯುತ್ತಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ನಿಜವಾದ ಗಾಡಿಯಲ್ಲಿ ಹೀಗಾಗುವುದಿಲ್ಲ. ವೇಗ ಹೆಚ್ಚಿದಂತೆ ಸ್ಟೀರಿಂಗ್ ಬಿಗಿಯಾಗುತ್ತದೆ, ತಿರುವಿನಲ್ಲಿ ಮುಂದಿನ ಟೈರುಗಳು ಹಿಡಿತ ಬಿಡುವ ಹಂತಕ್ಕೆ ಬಂದಾಗ ಹಗುರವಾಗುತ್ತದೆ, ಹಿಂಭಾಗ ಜಾರಿದರೆ ಜಾರಿದ ಕಡೆಗೆ ತಾನಾಗಿಯೇ ತಿರುಗಲು ನೋಡುತ್ತದೆ. ಆಟವು ಈ ಲೆಕ್ಕವನ್ನೆಲ್ಲ ಹಾಕಿ ಮೋಟಾರಿಗೆ ಹೇಳುತ್ತದೆ, ಮೋಟಾರು ಅದನ್ನು ನಿಮ್ಮ ಕೈಗೆ ಮುಟ್ಟಿಸುತ್ತದೆ. ಅಸೆಟ್ಟೋ ಕೋರ್ಸಾ ಕೀಬೋರ್ಡಿನಲ್ಲಿ ನಿಮ್ಮ ಮಾತು ಕೇಳದಿರುವುದಕ್ಕೂ ಇದೇ ಕಾರಣ: ಗಾಡಿ ಜಾರಿತೆಂದು ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಕೈಗೆ ಅದು ಮೊದಲೇ ತಿಳಿಯುತ್ತದೆ.

ಇದನ್ನು ನಾನು ದುಡ್ಡು ತೆತ್ತು ಕಲಿತೆ. ಐದು ವರ್ಷದ ಹಿಂದೆ ಸ್ಪ್ರಿಂಗಿನ ಸ್ಟೀರಿಂಗ್ ಒಂದನ್ನು ಕೊಂಡೆ, ಯಾವ ಕಂಪನಿಯದೆಂಬುದು ಇಲ್ಲಿ ಬೇಡ. ಮೊದಲ ವಾರ ಮನೆಮಂದಿಯೆಲ್ಲ ಕೂತು ಆಡಿದರು. ಎರಡು ತಿಂಗಳಿಗೆ ಅದು ಅಟ್ಟ ಸೇರಿತು. ಅದು ಕೆಟ್ಟಿರಲಿಲ್ಲ, ಕಂಟ್ರೋಲರಿಗಿಂತ ಅದರಲ್ಲಿ ನಾನು ನಿಧಾನವಾಗಿದ್ದೆ ಅಷ್ಟೇ, ಅದೂ ಹೆಚ್ಚು ಜಾಗ ಹಿಡಿದುಕೊಂಡು. ಆಮೇಲೆ ಬೆಂಗಳೂರಿನಲ್ಲಿ ಒಬ್ಬರಿಂದ ಬಳಸಿದ ಗೇರ್ ಸ್ಟೀರಿಂಗ್ (ಜಿ29ರ ಹಾಗೆ, ಮೋಟಾರಿನ ಬಲವನ್ನು ಹಲ್ಲುಚಕ್ರಗಳ ಮೂಲಕ ಮುಟ್ಟಿಸುವಂಥದ್ದು) ಕೊಂಡೆ, ಅದು ಇಂದಿಗೂ ಮೇಜಿನ ಮೇಲಿದೆ.

ಗೇರ್ ಲಿವರ್ ಇಲ್ಲವೆಂದು ಚಿಂತಿಸಬೇಡಿ. ಜಿ29ಕ್ಕೆ ಆರು ಗೇರಿನ ಲಿವರ್ ಬೇರೆಯಾಗಿ ಸಿಗುತ್ತದೆ, ಇನ್ನೊಂದು ವರ್ಷಕ್ಕೆ ಮನಸ್ಸಾದರೆ ಕೊಳ್ಳಬಹುದು. ಮೋಟಾರನ್ನು ಮಾತ್ರ ಆಮೇಲೆ ಸೇರಿಸಲು ಬರುವುದಿಲ್ಲ.

ಉತ್ತರ 2: ಸಂಜೆ ಸವಾರ

ಘಾಟಿ ತಿರುವು ಅವರ ಮಾತಿನಲ್ಲಿ ತಪ್ಪಿಲ್ಲ, ಆದರೆ ಅವರು ರೇಸಿನ ಕಣ್ಣಿನಿಂದ ನೋಡಿದ್ದಾರೆ. ಪ್ರಶ್ನೆ ಕೇಳಿದವರು ಹೆಚ್ಚಾಗಿ ಓಡಿಸುವುದು ಲಾರಿ. ಮಂಗಳೂರಿನ ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಮೋಟಾರಿಲ್ಲದ ಸ್ಟೀರಿಂಗ್ ಇದೆ, 900 ಡಿಗ್ರಿ ತಿರುಗುವಂಥದ್ದು. ಲಾರಿ ಆಟಕ್ಕೆ ಅದು ಸಾಕಾಗಿದೆ, ಮಕ್ಕಳಿಬ್ಬರೂ ಅದರಲ್ಲೇ ಕ್ಲಚ್ ಮತ್ತು ಗೇರಿನ ಅಂದಾಜು ಕಲಿತರು. ನನಗೆ ಕೇಳಿದರೆ ಲಾರಿ ಆಟದಲ್ಲಿ ಬಲಕ್ಕಿಂತ ತಿರುಗುವ ಅಳತೆ ಮುಖ್ಯ. 180 ಅಥವಾ 270 ಡಿಗ್ರಿ ಮಾತ್ರ ತಿರುಗುವ ಸ್ಟೀರಿಂಗಿನಲ್ಲಿ ಬೆರಳಗಲ ಅಲುಗಿದರೆ ಟ್ರೈಲರ್ ಪಕ್ಕದ ಲೇನಿಗೆ ಹೋಗಿರುತ್ತದೆ. 900 ಎಂದರೆ ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು, ಸಾಧಾರಣ ಕಾರಿನ ಹತ್ತಿರಕ್ಕೆ ಬರುತ್ತದೆ.

ಇನ್ನೊಂದು ಮಾತು, ಫೋರ್ಜಾ ಹೊರೈಜನ್‌ಗೋಸ್ಕರ ಯಾರೂ ಸ್ಟೀರಿಂಗ್ ಕೊಳ್ಳಬಾರದು. ಆ ಆಟಕ್ಕೆ ಸ್ಟೀರಿಂಗ್ ಜೋಡಿಸಬಹುದಾದರೂ ಅದು ಹೊಂದುವುದು ಕಂಟ್ರೋಲರಿಗೇ. ಮಗನಿಗೆ ಜಿಟಿಎ 5ರಲ್ಲಿ ಕಾರು ಓಡಿಸುವ ಆಸೆ ಇದ್ದರೆ ಅದನ್ನೂ ಈಗಲೇ ಹೇಳಿಬಿಡಿ: ಆ ಆಟ ತಾನಾಗಿ ಸ್ಟೀರಿಂಗನ್ನು ಗುರುತಿಸುವುದಿಲ್ಲ, ಹೊರಗಿನವರು ಬರೆದ ಮಾಡ್ (ಆಟಕ್ಕೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ ಗುದ್ದಾಡಬೇಕಾಗುತ್ತದೆ.

ಉತ್ತರ 3: ಘಾಟಿ ತಿರುವು

ಅಳತೆಯ ವಿಷಯದಲ್ಲಿ ಸಂಜೆ ಸವಾರ ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಲಾರಿಗೆ ಮೋಟಾರು ಬೇಡವೆಂಬುದನ್ನು ಒಪ್ಪಲಾರೆ. ಟ್ರೈಲರನ್ನು ಹಿಂದಕ್ಕೆ ತೆಗೆದು ಡಾಕಿಗೆ, ಅಂದರೆ ಸರಕು ಇಳಿಸುವ ಕಟ್ಟೆಗೆ, ನಿಲ್ಲಿಸುವಾಗ ಸ್ಟೀರಿಂಗನ್ನು ಅರ್ಧ ತಿರುಗಿಸಿ ಅಲ್ಲೇ ಬಿಟ್ಟು, ಕನ್ನಡಿ ನೋಡಿ, ಮತ್ತೆ ಒಂದಿಷ್ಟು ತಿರುಗಿಸಬೇಕು. ಸ್ಪ್ರಿಂಗ್ ಇದಕ್ಕೆ ಬಿಡುವುದಿಲ್ಲ, ಕೈ ಸಡಿಲಿಸಿದ ಕೂಡಲೇ ನಡುವಿಗೆ ಎಳೆಯುತ್ತದೆ. ಮೋಟಾರಿನ ಸ್ಟೀರಿಂಗಿನಲ್ಲಿ ನಡುವಿಗೆಳೆಯುವ ಬಲವನ್ನು ಆಟದ ಸೆಟ್ಟಿಂಗಿನಲ್ಲೇ ಇಳಿಸಿಕೊಳ್ಳಬಹುದು.

ಉತ್ತರ 4: ಹಲಗೆ ಮೇಜು

ಸ್ಟೀರಿಂಗಿನ ಬಗ್ಗೆ ಇಷ್ಟು ಚರ್ಚೆ ನಡೆದಿದೆ, ಅದನ್ನು ಎಲ್ಲಿ ಕೂರಿಸುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನು ಮರಗೆಲಸದವನಾದ್ದರಿಂದ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮೋಟಾರಿನ ಸ್ಟೀರಿಂಗ್ ಮೇಜಿನ ಅಂಚನ್ನು ಕಚ್ಚಿ ಹಿಡಿದು ಎಡಕ್ಕೂ ಬಲಕ್ಕೂ ಜಗ್ಗುತ್ತದೆ. ಗಾಜಿನ ಮೇಜಿಗೆ ಅದನ್ನು ಕಟ್ಟುವ ಯೋಚನೆಯನ್ನೇ ಮಾಡಬೇಡಿ. ತೆಳುವಾದ ಪಾರ್ಟಿಕಲ್ ಬೋರ್ಡಿನ ಮೇಜಾದರೆ ಕ್ಲಾಂಪ್ ಬೀಳುವ ಜಾಗದಲ್ಲಿ ಕೆಳಗೊಂದು ಮೇಲೊಂದು ಪ್ಲೈವುಡ್ ತುಂಡು ಇಟ್ಟು ಬಿಗಿಯಿರಿ, ಇಲ್ಲದಿದ್ದರೆ ಅಂಚು ಪುಡಿಯಾಗುತ್ತದೆ.

ಇನ್ನು ಪೆಡಲ್. ಜಿ29ರ ಪೆಡಲಿನ ತಳದಲ್ಲಿ ಹೊರಗೆಳೆಯಬಹುದಾದ ಹಲ್ಲುಪಟ್ಟಿ ಇರುತ್ತದೆ, ಆದರೆ ಅದು ಕಾರ್ಪೆಟ್ಟಿಗೆ ಮಾಡಿದ್ದು. ನಮ್ಮ ಮನೆಗಳ ನೆಲ ಗ್ರಾನೈಟು ಅಥವಾ ವಿಟ್ರಿಫೈಡ್ ಟೈಲ್ಸು, ಅಲ್ಲಿ ಆ ಹಲ್ಲಿಗೆ ಕಚ್ಚಲು ಏನೂ ಇಲ್ಲ. ಆ ಪೆಡಲಿನ ಬ್ರೇಕಿನೊಳಗೆ ರಬ್ಬರ್ ತುಂಡು ಇರುವುದರಿಂದ ಜೋರಾಗಿಯೇ ತುಳಿಯಬೇಕು, ತುಳಿದಾಗ ಇಡೀ ಪೆಡಲು ಗೋಡೆಯ ಕಡೆಗೆ ಜಾರುತ್ತದೆ, ಚಕ್ರದ ಕುರ್ಚಿಯಾದರೆ ನೀವು ಹಿಂದಕ್ಕೆ ಜಾರುತ್ತೀರಿ. ಪೆಡಲಿನ ಹಿಂಭಾಗದಿಂದ ಗೋಡೆಯವರೆಗೆ ಅಳತೆಗೆ ಕೊಯ್ದ ಒಂದು ಹಲಗೆ ಕೊಟ್ಟರೆ ಅರ್ಧ ಸಮಸ್ಯೆ ತೀರಿತು. ಉಳಿದರ್ಧಕ್ಕೆ ಕುರ್ಚಿಯ ಚಕ್ರಗಳನ್ನು ಹಳೆಯ ಚಪ್ಪಲಿಗಳೊಳಗೆ ನಿಲ್ಲಿಸಿ. ನೋಡಲು ಚೆಂದವಿಲ್ಲ, ಆದರೆ ಕುರ್ಚಿ ಕದಲುವುದಿಲ್ಲ.

ಪ್ರಶ್ನಿಸಿದವರು: ದಾವಣಗೆರೆ ಲಾರಿ

ಎಲ್ಲರಿಗೂ ವಂದನೆಗಳು. ಚಪ್ಪಲಿಯ ಉಪಾಯ ಮನೆಯಲ್ಲಿ ಈಗಾಗಲೇ ನಗೆಗೆ ಕಾರಣವಾಗಿದೆ. ಈ ಶನಿವಾರ ಹರಿಹರಕ್ಕೆ ಹೋಗಿ ಜಿ29 ನೋಡಿಬರಬೇಕೆಂದಿದ್ದೇನೆ. ಅಲ್ಲಿ ಏನನ್ನು ಪರೀಕ್ಷಿಸಬೇಕು? ಇದೇ ದುಡ್ಡಿಗೆ ಹತ್ತಿರವಾಗಿ ಹೊಸದರಲ್ಲೇ ಮೋಟಾರಿನದು ಸಿಗುವುದಾದರೆ ಅದನ್ನೂ ತಿಳಿಸಿ.

ಉತ್ತರ 5: ಘಾಟಿ ತಿರುವು

ಹೊಸದರಲ್ಲೇ ಬೇಕೆಂದರೆ ಥ್ರಸ್ಟ್‌ಮಾಸ್ಟರ್ ಟಿ128 ನೋಡಬಹುದು. ಅದಕ್ಕೆ ಎರಡೇ ಪೆಡಲು, ಕ್ಲಚ್ ಇಲ್ಲ, ಆದರೆ ಪೆಡಲಿನ ಸೆನ್ಸರ್ ಅಯಸ್ಕಾಂತದ್ದಾದ್ದರಿಂದ ಉಜ್ಜಿ ಸವೆಯುವ ಭಯವಿಲ್ಲ. ರಿಯಾಯಿತಿ ಬಂದಾಗ ನಿಮ್ಮ ಲೆಕ್ಕಕ್ಕೆ ಎಟುಕಿದರೆ ಯೋಚಿಸಿ. ಡೈರೆಕ್ಟ್ ಡ್ರೈವ್ (ನಡುವೆ ಗೇರಿಲ್ಲದೆ ಸ್ಟೀರಿಂಗನ್ನು ಮೋಟಾರಿನ ದಂಡಕ್ಕೇ ಕೂರಿಸಿದ್ದು) ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಕಿವಿಗೊಡಬೇಡಿ. ಅಂಥದ್ದೇ ಆದ ಮೋಜಾ ಆರ್5ರ ಬಲ 5.5 ನ್ಯೂಟನ್ ಮೀಟರ್, ಜಿ29ರದು 2ರ ಆಸುಪಾಸು. ವ್ಯತ್ಯಾಸ ದೊಡ್ಡದೇ, ಆದರೆ ಬೆಲೆಯೂ ಹಾಗೆಯೇ, ಮತ್ತು ಅಷ್ಟು ಬಲಕ್ಕೆ ನಿಮ್ಮ ಮೇಜು ಸಾಲದು.

ಹರಿಹರದಲ್ಲಿ ಮೊದಲು ಕೇಳಬೇಕಾದದ್ದು ಕರೆಂಟಿನ ಅಡಾಪ್ಟರ್ ಇದೆಯೇ ಎಂದು, ಏಕೆಂದರೆ ಬರೀ ಯುಎಸ್‌ಬಿ ತಂತಿಯಿಂದ ಆ ಮೋಟಾರಿಗೆ ಜೀವ ಬರುವುದಿಲ್ಲ. ಲ್ಯಾಪ್‌ಟಾಪ್ ಜೊತೆಗೇ ಒಯ್ಯಿರಿ. ಜೋಡಿಸಿದ ಕೂಡಲೇ ಸ್ಟೀರಿಂಗ್ ತಾನಾಗಿ ಎರಡೂ ತುದಿಗೆ ತಿರುಗಿ ನಡುವಿಗೆ ಬಂದು ನಿಲ್ಲಬೇಕು. ಆಗ ಕೈ ಇಡಬೇಡಿ. ನಡುವೆ ತಡೆದರೆ, ಅಥವಾ ಮೂರು ಬಾರಿ ಜೋಡಿಸಿದಾಗ ಮೂರು ಬೇರೆ ಜಾಗಕ್ಕೆ ಬಂದು ನಿಂತರೆ ಒಳಗೆ ಏನೋ ಸರಿಯಿಲ್ಲ ಎಂದರ್ಥ. 2010ರ ಸುಮಾರಿನ ಹಳೆಯ ಗೇರ್ ಸ್ಟೀರಿಂಗುಗಳಲ್ಲಿ ಮೋಟಾರಿನ ದಂಡಕ್ಕೆ ಕೂರಿಸಿದ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಬಿರುಕು ಬಿಟ್ಟು ಇದೇ ತೊಂದರೆ ಕೊಡುತ್ತಿತ್ತು. ಆಮೇಲೆ ವಿಂಡೋಸಿನ ಗೇಮ್ ಕಂಟ್ರೋಲರ್ ಕಿಟಕಿ ತೆರೆದು ಮೂರೂ ಪೆಡಲುಗಳನ್ನು ಬಹಳ ನಿಧಾನವಾಗಿ ಒತ್ತಿ ಬಿಡಿ. ಅಲ್ಲಿ ಪೆಡಲಿನ ಒತ್ತು ತೋರಿಸುವ ಗೆರೆ ಹಾಲು ಉಕ್ಕಿದ ಹಾಗೆ ನಯವಾಗಿ ಏರಬೇಕು. ನಡುನಡುವೆ ಕುಪ್ಪಳಿಸಿದರೆ ಒಳಗಿನ ಪೊಟೆನ್ಷಿಯೋಮೀಟರಿಗೆ (ಪೆಡಲು ಎಷ್ಟು ಒತ್ತಿದೆ ಎಂದು ಅಳೆಯುವ ಬಿಡಿಭಾಗ) ಧೂಳು ಹಿಡಿದಿದೆ ಎಂದು ತಿಳಿಯಿರಿ. ಅದು ದೊಡ್ಡ ದೋಷವಲ್ಲ, ಆದರೆ ಬೆಲೆ ಇಳಿಸಲು ಒಳ್ಳೆಯ ನೆಪ.

ಒಂದು ವೇಳೆ ಅವರಲ್ಲಿ ಜಿ920 ಇದ್ದರೂ ನಡೆಯುತ್ತದೆ. ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ, ಜಿ29 ಪ್ಲೇಸ್ಟೇಶನ್ನಿನದು, ಜಿ920 ಎಕ್ಸ್‌ಬಾಕ್ಸಿನದು, ಕಂಪ್ಯೂಟರಿಗೆ ಎರಡೂ ಆಗುತ್ತವೆ. ಮುಂದೆ ಕನ್ಸೋಲ್ ಕೊಳ್ಳುವ ಯೋಚನೆ ಇದ್ದರೆ ಮಾತ್ರ ಈಗಲೇ ಆರಿಸಿಕೊಳ್ಳಿ, ಏಕೆಂದರೆ ಒಂದು ಕನ್ಸೋಲಿನ ಸ್ಟೀರಿಂಗ್ ಇನ್ನೊಂದಕ್ಕೆ ಆಗುವುದಿಲ್ಲ.

ತಂದ ಮೇಲೆ ಎಲ್ಲರೂ ಮಾಡುವ ತಪ್ಪೊಂದಿದೆ: ಬಲ ಕಡಿಮೆ ಎನಿಸಿ ಆಟದಲ್ಲಿ ಫೋರ್ಸ್ ಫೀಡ್‌ಬ್ಯಾಕನ್ನು ಪೂರ್ತಿ ಏರಿಸುವುದು. ಮೋಟಾರಿನ ಶಕ್ತಿಗೆ ಒಂದು ಮಿತಿ ಇದೆ. ಸಾಧಾರಣ ತಿರುವಿಗೇ ಅದು ಮಿತಿ ಮುಟ್ಟಿಬಿಟ್ಟರೆ ಅದಕ್ಕಿಂತ ಕಡಿದಾದ ತಿರುವಿನಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ, ಎಲ್ಲವೂ ಒಂದೇ ಬಿಗಿಯಾಗಿ ಕೈಗೆ ಬರುತ್ತದೆ. ಮೈಕಿನ ಧ್ವನಿ ಹೆಚ್ಚಿಸಿ ಹಾಡು ಒಡೆದುಹೋದ ಹಾಗೆ ಎಂದಿಟ್ಟುಕೊಳ್ಳಿ. ಅಸೆಟ್ಟೋ ಕೋರ್ಸಾದಲ್ಲಿ ಪೆಡಲಿನ ಗೆರೆಗಳ ಪಕ್ಕದಲ್ಲೇ ಫೋರ್ಸ್ ಫೀಡ್‌ಬ್ಯಾಕಿನ ಗೆರೆಯೂ ಕಾಣುತ್ತದೆ, ಅದು ಕೆಂಪಾಗಿಯೇ ಉಳಿದರೆ ಇಳಿಸಿ.

ಪ್ರಶ್ನಿಸಿದವರು: ದಾವಣಗೆರೆ ಲಾರಿ

ಶನಿವಾರ ಹೋಗಿ ತಂದೆ. ಸ್ಟೀರಿಂಗ್ ಮೂರು ಬಾರಿಯೂ ಒಂದೇ ಜಾಗಕ್ಕೆ ಬಂದು ನಿಂತಿತು. ಬ್ರೇಕು ನಯವಾಗಿತ್ತು, ಎಕ್ಸಲರೇಟರ್ ಮಾತ್ರ ನೀವು ಹೇಳಿದಂತೆಯೇ ಕುಪ್ಪಳಿಸಿತು. ಅದನ್ನು ಪರದೆಯ ಮೇಲೆ ತೋರಿಸಿದ ಮೇಲೆ ಅವರು 14,000ಕ್ಕೆ ಒಪ್ಪಿದರು. ಹಲಗೆ ಕೊಯ್ಸಿದ್ದಾಯಿತು, ಚಪ್ಪಲಿಯೂ ಆಯಿತು.

ನಿನ್ನೆ ರಾತ್ರಿ ಟ್ರೈಲರನ್ನು ಮೊದಲ ಬಾರಿಗೆ ಒಂದೇ ಪ್ರಯತ್ನದಲ್ಲಿ ಹಿಂದಕ್ಕೆ ನಿಲ್ಲಿಸಿದೆ. ಆದರೆ ಸ್ಟೀರಿಂಗಿನೊಳಗಿನ ಈ ಗೇರಿನ ಸದ್ದಿನ ಬಗ್ಗೆ ಯಾರೂ ಎಚ್ಚರಿಸಲಿಲ್ಲವಲ್ಲ! ಕಲ್ಲುರಸ್ತೆಯಲ್ಲಿ ಲಾರಿ ಇಳಿದಾಗ ಕಟಕಟ ಎಂದದ್ದಕ್ಕೆ, ಒಳಗಿನ ಕೋಣೆಯಿಂದ ಅಮ್ಮ ಎದ್ದು ಬಂದು ಇಷ್ಟು ಹೊತ್ತಿನಲ್ಲಿ ಬೀಸುವ ಕಲ್ಲು ಯಾರು ತಿರುಗಿಸುತ್ತಿದ್ದಾರೆ ಎಂದು ಕೇಳಿದರು. ಎಕ್ಸಲರೇಟರನ್ನು ಶುಚಿ ಮಾಡುವುದು ಹೇಗೆ?

ಉತ್ತರ 6: ಹಲಗೆ ಮೇಜು

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಕೇಳಿ ತನ್ನಿ. ಬಾಗಿಲಿನ ಕೀಲಿಗೆ ಹೊಡೆಯುವ ಎಣ್ಣೆ ಬೇಡ, ಅದು ಧೂಳನ್ನು ಇನ್ನಷ್ಟು ಹಿಡಿಯುತ್ತದೆ. ತಂತಿಯನ್ನು ಕಳಚಿ, ತಳದ ಸ್ಕ್ರೂಗಳನ್ನು ತೆಗೆದರೆ ಪೆಡಲಿನ ಬದಿಯಲ್ಲಿ ದುಂಡಗಿನ ಪುಟ್ಟ ಪೊಟೆನ್ಷಿಯೋಮೀಟರ್ ಕಾಣುತ್ತದೆ. ಅದರ ಸಂದಿಗೆ ಸ್ವಲ್ಪವೇ ಹೊಡೆದು ಪೆಡಲನ್ನು ಇಪ್ಪತ್ತು ಮೂವತ್ತು ಬಾರಿ ಒತ್ತಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಸ್ಕ್ರೂ ಇಡಲು ಒಂದು ಬಟ್ಟಲು ಹತ್ತಿರವಿರಲಿ. ಗೇರಿನ ಸದ್ದಿಗೆ ಮಾತ್ರ ಔಷಧವಿಲ್ಲ, ಕ್ಲಾಂಪಿನ ಕೆಳಗೆ ಸೈಕಲ್ ಟ್ಯೂಬಿನ ತುಂಡು ಇಟ್ಟರೆ ಮೇಜು ಅದರೊಡನೆ ದನಿಗೂಡಿಸುವುದು ತಪ್ಪುತ್ತದೆ.