ಜರ್ಮನಿಗೆ ಹೊರಟಿದ್ದೀರಾ? ಮಿಡ್‌ವೈಫ್‌ಗಳ ಕೆಲಸ ಹೇಗಿದೆ ಅಂತ ಮೊದಲು ತಿಳ್ಕೊಳ್ಳಿ

ಬ್ರಿಟನ್ ಬಿಟ್ಟು ಜರ್ಮನಿಗೆ ಹೋಗ್ತಿದ್ದೇವೆ, ಎರಡನೇ ಮಗು ಅಲ್ಲೇ ಆಗಬೇಕು, ಮಿಡ್‌ವೈಫ್‌ಗಳು (ಹೆರಿಗೆ, ಬಾಣಂತನ ನೋಡಿಕೊಳ್ಳುವ ತರಬೇತಿ ಪಡೆದ ಸೂಲಗಿತ್ತಿಯರು) ಎಲ್ಲಿ ಚೆನ್ನಾಗಿ ನೋಡ್ಕೋತಾರೆ ಅಂತ ಕೇಳಿದ್ದೀರಿ. ಎರಡೂ ಕಡೆ ಹೆತ್ತವಳಾಗಿ ಹೇಳ್ತೀನಿ, ಒಳ್ಳೆಯವರು ಎಲ್ಲ ಕಡೆ ಇದ್ದಾರೆ. ಅವರಿಗೆ ದುಡ್ಡು ಯಾರು ಕೊಡ್ತಾರೆ, ಎಷ್ಟು ಹೊತ್ತು ದುಡಿಸ್ಕೋತಾರೆ ಅನ್ನೋದರ ಮೇಲೆ ನಮಗೆ ಸಿಗೋ ಆರೈಕೆ ನಿಂತಿದೆ.

ಬ್ರಿಟನ್ನಿನಲ್ಲಿ ಹೆಚ್ಚಿನವರು ಎನ್‌ಎಚ್‌ಎಸ್, ಅಂದ್ರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ನೌಕರರು. ತಿಂಗಳ ಸಂಬಳ, ರಜೆ, ಪಿಂಚಣಿ ಇದೆ. ಆದರೆ ಹೆರಿಗೆ ವಾರ್ಡಿನಲ್ಲಿ ಸಾಮಾನ್ಯವಾಗಿ 12 ಗಂಟೆ ಪಾಳಿ, ಅದರ ಮೇಲೆ ಸಿಬ್ಬಂದಿ ಕೊರತೆ. ನನ್ನನ್ನು ರಾತ್ರಿಯಿಡೀ ನೋಡಿಕೊಂಡವರು ಪಾಳಿ ಮುಗಿದ ಮೇಲೂ ನಿಂತೇ ಕಂಪ್ಯೂಟರಿಗೆ ನನ್ನ ವಿವರ ತುಂಬ್ತಾ ಇದ್ರು. ಬಸಿರಿನಿಂದ ಬಾಣಂತನದವರೆಗೆ ಒಬ್ಬರೇ ಮಿಡ್‌ವೈಫ್ ಜೊತೆಗಿರಬೇಕು ಅನ್ನೋ ಯೋಜನೆಗೆ ಇಂಗ್ಲೆಂಡ್ ಗಡುವು ಹಾಕ್ಕೊಂಡಿತ್ತು. ಜನ ಸಾಲದೆ 2022ರಲ್ಲಿ ಆ ಗಡುವನ್ನೇ ತೆಗೆದುಹಾಕಿದರು. ಹಾಗಾಗಿ ಪ್ರತಿ ಸಲ ಹೊಸ ಮುಖ ಕಂಡರೆ ಅವರ ಮೇಲೆ ಸಿಟ್ಟಾಗಬೇಡಿ.

ಜರ್ಮನಿಯಲ್ಲಿ ಹೆರಿಗೆಗೆ ಮಿಡ್‌ವೈಫ್ ಇರಲೇಬೇಕು ಅಂತ ಕಾನೂನೇ ಇದೆ. ಆಸ್ಪತ್ರೆ ನೌಕರಿಯಲ್ಲಿ ಇರುವವರೂ ಇದ್ದಾರೆ, ಸ್ವತಂತ್ರವಾಗಿ ಕೆಲಸ ಮಾಡುವವರೂ ತುಂಬಾ ಜನ. ಹೆರಿಗೆಯಾದ ಮೊದಲ ಹತ್ತು ದಿನ ಬೇಕಿದ್ರೆ ದಿನಾ ಮನೆಗೆ ಬರ್ತಾರೆ, ಆಮೇಲೂ ಮಗುವಿಗೆ 12 ವಾರ ಆಗೋವರೆಗೆ ಬಂದು ಹೋಗ್ತಾರೆ. ನಮ್ಮ ಆರೋಗ್ಯ ವಿಮೆಯೇ ಅದನ್ನು ಭರಿಸುತ್ತೆ. ನಮ್ಮನೆಗೆ ಬರ್ತಿದ್ದವರು ಮಗುವನ್ನ ಬಟ್ಟೆಯ ಜೋಲಿಯಲ್ಲಿ ಹಾಕಿ, ಕೈತಕ್ಕಡಿಗೆ ತೂಗುಹಾಕಿ ತೂಕ ನೋಡೋರು, ಹೊಲಿಗೆ ನೋಡೋರು, ನಾನು ಅತ್ತರೆ ಪಕ್ಕದಲ್ಲಿ ಕೂರೋರು. ನನಗಂತೂ ಅದು ತವರಿನ ಆಸರೆ. ಆದರೆ ಸ್ವತಂತ್ರವಾಗಿ ಹೆರಿಗೆ ಮಾಡಿಸುವವರು ತಮ್ಮ ಹೊಣೆಗಾರಿಕೆ ವಿಮೆಗೆ (ಹೆರಿಗೆಯಲ್ಲಿ ಅವರಿಂದ ತಪ್ಪಾದರೆ ಪರಿಹಾರ ಕೊಡೋ ವಿಮೆ) ವಿಪರೀತ ಕಂತು ಕಟ್ಟಬೇಕು. ಒಂದಷ್ಟು ಭಾಗ ಆಮೇಲೆ ವಾಪಸ್ ಸಿಗುತ್ತೆ, ಆದರೂ ಎಷ್ಟೋ ಜನ ಹೆರಿಗೆ ಮಾಡಿಸೋದನ್ನೇ ಬಿಟ್ಟು ಮನೆಭೇಟಿ ಮಾತ್ರ ಇಟ್ಟುಕೊಂಡಿದ್ದಾರೆ. ಇಷ್ಟು ಮುಖ್ಯವಾದ ಕೆಲಸ ಮಾಡುವವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಹೋಲಿಕೆಗೆ ಇನ್ನೊಂದು ದೇಶ ನೋಡಿ: ನ್ಯೂಜಿಲೆಂಡಿನಲ್ಲಿ 1990ರಿಂದ ಮಿಡ್‌ವೈಫ್‌ಗಳು ಡಾಕ್ಟರ ಮೇಲ್ವಿಚಾರಣೆ ಇಲ್ಲದೆ ಹೆರಿಗೆ ಮಾಡಿಸಬಹುದು. ಒಬ್ಬರೇ ಪೂರ್ತಿ ನೋಡ್ಕೋತಾರೆ, ದುಡ್ಡು ಸರ್ಕಾರ ಕೊಡುತ್ತೆ. ತಾಯಿಗೆ ಹಿತ, ಆದರೆ ಅವರ ಫೋನಿಗೆ ಹಗಲು ರಾತ್ರಿ ಇಲ್ಲ. ಸಂಭಾವನೆ ಸಾಲದು ಅಂತ ಅವರ ಸಂಘ 2015ರಲ್ಲಿ ಕೋರ್ಟಿಗೇ ಹೋಯಿತು.

ಜರ್ಮನಿಯ ದೊಡ್ಡ ಊರುಗಳಲ್ಲಿ ಮನೆಗೆ ಬರುವ ಮಿಡ್‌ವೈಫ್ ಸಿಗೋದು ಕಷ್ಟ. ಗರ್ಭಿಣಿ ಅಂತ ಗೊತ್ತಾದ ವಾರವೇ ಫೋನ್ ಮಾಡೋಕೆ ಶುರುಮಾಡಿ. ಹೆರಿಗೆಗೂ ಬರ್ತೀರಾ ಅಥವಾ ಬಾಣಂತನಕ್ಕೆ ಮಾತ್ರನಾ, ನೀವು ರಜೆಯಲ್ಲಿದ್ರೆ ಬದಲಿಗೆ ಯಾರು ಬರ್ತಾರೆ ಅಂತ ಮೊದಲ ಸಲವೇ ಕೇಳಿಬಿಡಿ.